ಗೌಡರ ಎದೆಯ ಹಳ್ಳದಿಣ್ಣೆ

ಮೋಜಣಿ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಹಿಡಿಸಿ ನರಸೀಪುರದ ಸುತ್ತಣ ಗದ್ದೆಗಳನ್ನೆಲ್ಲ ಅಳೆದಿದ್ದ ಚೆಲುವೇಗೌಡರು, ಕಾಗದದ ಮೇಲಿನ ಯಾವ ಗೆರೆಯನ್ನೂ ಇನ್ನೊಬ್ಬರಿಂದ ಓದಿಸಿಕೊಂಡವರಲ್ಲ. ಎದೆ ಡವಗುಟ್ಟುತ್ತದೆಂದು ಮದರಾಸಿಗೆ ಹೋಗಿ, ಹೊಸ ಯಂತ್ರದಲ್ಲಿ ಎದೆಬಡಿತದ ಗೆರೆ ಬರೆಸಿಕೊಂಡು ಬಂದಾಗಲೂ ಅಷ್ಟೇ. ರೈಲಿನಲ್ಲೇ ಸುರುಳಿ ಬಿಚ್ಚಿದರು. ಗೆರೆ ಉದ್ದಕ್ಕೂ ಏರಿ ಇಳಿದಿತ್ತು. ಇಷ್ಟು ಹಳ್ಳದಿಣ್ಣೆಯಿರುವ ನೆಲಕ್ಕೆ ನೀರು ಹತ್ತುವುದುಂಟೇ? ತಮ್ಮ ಆಯುಸ್ಸು ಮುಗಿಯಿತೆಂದು ತೀರ್ಮಾನಿಸಿದ ಗೌಡರು, ಮನೆಗೂ ಹೋಗದೆ ನಂಜನಗೂಡಿನಲ್ಲಿ ಇಳಿದು, ಪರಿಚಯದ ಡಾಕ್ಟರ ಮೇಜಿನ ಮೇಲೆ ಕಾಗದ ಹರಡಿದರು.

“ಅದೆಂಥ ಔಸ್ತಿಯಾದ್ರೂ ಕೊಡಿ ಸಾ, ಇದು ಮಟ್ಟ ಆಗ್ಬೇಕು.”

“ಮಟ್ಟ ಆದ ದಿನ ನಾಲ್ಕು ಜನ ನಿಮ್ಮನ್ನ ಹೊತ್ಕೊಂಡು ಹೋಗ್ತಾರೆ ಗೌಡರೇ,” ಎಂದು ಡಾಕ್ಟರು ಗೆರೆಯ ಮೇಲೆ ಬೆರಳಿಟ್ಟರು. “ಈ ಪುಟ್ಟ ಉಬ್ಬು ಇದ್ಯಲ್ಲ, ಹೃದಯದ ಮೇಲಿನ ಕೋಣೆಗಳಿಗೆ ಹುಕುಂ ಬಂತು ಅಂತ. ಈ ಚೂಪು, ಕೆಳಗಿನ ಕೋಣೆಗಳಿಗೆ. ಆಮೇಲಿನ ಗುಡ್ಡ, ಅವು ಇನ್ನೊಂದು ಬಡಿತಕ್ಕೆ ಸಜ್ಜಾಗೋದು. ಚೂಪಿಂದ ಚೂಪಿಗೆ ಅಂತರ ಒಂದೇ ಸಮ ಇದೆ. ನಿಮ್ಮ ಗುಂಡಿಗೆ ಗಟ್ಟಿ.”

ಗೌಡರು ಕೋಟಿನ ಜೇಬಿನಿಂದ ಅಳತೆಪಟ್ಟಿ ತೆಗೆದು, ಅಷ್ಟೂ ಅಂತರಗಳನ್ನು ತಾವೇ ಅಳೆದ ಮೇಲಷ್ಟೇ ಒಪ್ಪಿದರು. ಹೋದ ಜೀವ ಬಂದಂತಾಗಿ ರುಮಾಲು ಸರಿಪಡಿಸಿಕೊಂಡರು. ಆಮೇಲೆ ದನಿ ತಗ್ಗಿಸಿ ಕೇಳಿದರು:

“ನಮ್ಮ ಅಮಲ್ದಾರ್ರೂ ಮೊನ್ನೆ ಬರೆಸ್ಕಂಡು ಬಂದವ್ರಂತೆ. ಅವರ ಚೂಪಿಗಿಂತ ನಂದೇ ಎತ್ರ ಅಲ್ವಾ ಸಾ?”