ಮೆಂತ್ಯದ ವಾಸನೆಯ ಮುಖ

ಇವತ್ತು ಬೆಳಿಗ್ಗೆ ದೋಸೆಗೆ ನೆನೆಹಾಕಿದ್ದ ಮೆಂತ್ಯದ ವಾಸನೆ ಮೂಗಿಗೆ ಬಡಿದು, ನನಗೆ ದೋಸೆಯ ಬದಲು ಮಾದೇವಿ ನೆನಪಾದಳು. ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಪ್ರಾಣಿ. ಹಾಲಿನ ಪ್ಯಾಕೆಟ್ಟನ್ನು ಮೂಸದೆ ಒಳಗೆ ತರುವವನಲ್ಲ. ಬಸ್ಸಿಗೆ ಹನೂರು ಎಂದು ಬೋರ್ಡಿದ್ದರೂ ಕಂಡಕ್ಟರನ್ನು ಕೇಳಿ, ಆಮೇಲೆ ಪಕ್ಕದಲ್ಲಿ ಕೂತವರನ್ನೂ ಕೇಳುವವನು. ಇಂಥವನ ಕೈಗೆ ಕೊಳ್ಳೇಗಾಲದ ಒಂದು ಚಿತ್ರಕಲಾ ಶಾಲೆಯವರು ಮಕ್ಕಳನ್ನು ಕೊಟ್ಟಿದ್ದರು, ನೋಡಿ.

ನಾನು ಕಲಿಸುತ್ತಿದ್ದದ್ದು ಕಾಗದದ ಶಿಲ್ಪ. ಹಳೆಯ ಪೇಪರು ಹರಿದು, ನೆನೆಸಿ, ರುಬ್ಬಿ, ಮೈದಾ ಅಂಟು ಕಲಸಿ ಮುದ್ದೆ ಮಾಡುವುದು. ಮಧುವನಹಳ್ಳಿಯಿಂದ ಬರುತ್ತಿದ್ದ ಮಾದೇವಿ ವರ್ಷವೆಲ್ಲ ಮಾಡಿದ್ದು ಸೊಟ್ಟ ಬಟ್ಟಲುಗಳನ್ನೇ. ಅಂಥವಳು ಕೊನೆಯ ಪರೀಕ್ಷೆಗೆ ಒಂದು ಮುದುಕಿಯ ಮುಖ ತಂದಿಟ್ಟಳು. ಎಲೆಅಡಿಕೆ ತುಂಬಿ ಉಬ್ಬಿದ ಒಂದು ಕೆನ್ನೆ, ಇನ್ನೇನು ಬೈಯಲು ತೆರೆಯಲಿರುವ ಬಾಯಿ. ಹತ್ತಿರ ಹೋಗಿ ಮೂಸಿದೆ. ಮೆಂತ್ಯ! ನಾನು ಕಲಿಸಿದ ಅಂಟಿನಲ್ಲಿ ಮೆಂತ್ಯ ಎಲ್ಲಿತ್ತು? ಇದು ಕಸುಬಿನವರ ಗುಟ್ಟೇ ಇರಬೇಕು, ಗಣಪತಿ ಮಾಡುವ ಯಾರದೋ ಕೈ ಇದರಲ್ಲಿದೆ ಎಂದು ತೀರ್ಮಾನಿಸಿಬಿಟ್ಟೆ.

“ಯಾರು ಮಾಡಿಕೊಟ್ರಮ್ಮ?”

“ನಾನೇ ಮಾಡ್ದೆ ಸಾ. ನಮ್ಮಜ್ಜಿ ಮೊಕ.”

“ನಿಜ ಹೇಳು. ಇಲ್ಲದಿದ್ರೆ ಫೇಲು.”

“ನಾನೇ ಸಾ.”

ಎರಡು ಸಲ ಹೇಳಿದಳು. ಹತ್ತು ಸಲ ಹೇಳಿದ್ದರೂ ನನಗೆ ಸಾಲುತ್ತಿರಲಿಲ್ಲ. ಒಳಗೆ ಅಚ್ಚಿನ ಗುರುತು ಇದ್ದೀತೆಂದು ಚಾಕು ತೆಗೆದು ಆ ಮುಖವನ್ನು ಕಿವಿಯಿಂದ ಕಿವಿಗೆ ಕೊಯ್ದೆ. ಒಳಪದರದಲ್ಲಿ ಅವಳ ಡ್ರಾಯಿಂಗ್ ಹಾಳೆಯ ತುಂಡುಗಳು. ಒಂದರ ಮೇಲೆ ಕೆಂಪು ಬಾಲ್‌ಪೆನ್ನಿನಲ್ಲಿ ನನ್ನದೇ ಅಕ್ಷರ: ‘ಗಮನ ಸಾಲದು’.

“ಮೊರದ ಸಂದಿಗೆ ನಮ್ಮಜ್ಜಿ ಪೇಪರ್ ನೆನ್ಸಿ, ಮೆಂತ್ಯ ಅರ್ದು ಮೆತ್ತದು ಸಾ. ಮೈದಾ ಆದ್ರೆ ಉಳ ಬೀಳ್ತವೆ,” ಎಂದಳು ಮಾದೇವಿ, ಎರಡೂ ಹೋಳುಗಳನ್ನು ಮಡಿಲಲ್ಲಿಟ್ಟುಕೊಂಡು. ಹಳ್ಳಿಯ ಅಜ್ಜಿಯರೆಲ್ಲ ಬಲ್ಲ ಕೆಲಸ ಕಾಗದದ ಮುದ್ದೆಯ ಮೇಷ್ಟ್ರಿಗೇ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಆದರೆ ಬಾಯಿಂದ ಬಂದದ್ದು “ಸರಿ, ಅಂಟಿಸ್ಕೊಂಡು ತಾ” ಎಂಬುದಷ್ಟೇ. ಪೂರ್ತಿ ಅಂಕ ಕೊಟ್ಟೆ. ಅದೇ ಕ್ಷಮಾಪಣೆ ಎಂದು ನನಗೆ ನಾನೇ ಹೇಳಿಕೊಂಡೆ.

ಈಗ ಅವಳು ಹನೂರಿನಲ್ಲಿ ಡ್ರಾಯಿಂಗ್ ಟೀಚರು. ಇವತ್ತು ಅವಳ ನಂಬರು ಹುಡುಕಿ ಫೋನ್ ಮಾಡಿದೆ. ಹೆಸರು ಹೇಳಿ, “ಅವತ್ತು ನಿಮ್ಮಜ್ಜಿ ಮುಖ ಕೊಯ್ದೆನಲ್ಲ, ತಪ್ಪಾಯ್ತಮ್ಮ,” ಎಂದೆ.

ಆ ಕಡೆಯಿಂದ ಗಡುಸು ದನಿ: “ಯಾರ್ರೀ ನೀವು? ನಮ್ ಮೇಷ್ಟ್ರು ತಪ್ಪಾಯ್ತು ಅನ್ನೋರಲ್ಲ. ಆಟ ಆಡ್ತಿದ್ದೀರಾ?”

“ನಾನೇ ಕಣಮ್ಮ.”

“ನಂಬಾಕಾಗಲ್ಲ.”

“ನಾನೇ,” ಎಂದೆ ಇನ್ನೊಮ್ಮೆ. ಎರಡು ಸಲ ಆಯಿತು; ಹತ್ತು ಸಲ ಹೇಳಲು ಸಿದ್ಧನಾಗಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.