ಎಣ್ಣೆ ಉಂಡ ಸ್ಟೇಷನ್ ವ್ಯಾಗನ್

ಕಳೆದ ವಾರ ಇಲ್ಲಿ ಕೆನಡಾದಲ್ಲಿ, ಸ್ಕಾರ್‌ಬರೋದ ಒಂದು ಪ್ಲಾಜಾದ ಪಾರ್ಕಿಂಗಿನಲ್ಲಿ ಹಳೆಯ ಅಮೆರಿಕನ್ ಸ್ಟೇಷನ್ ವ್ಯಾಗನ್ ಕಾರು ನಿಂತಿತ್ತು. ಉದ್ದ ಅಂದರೆ ಉದ್ದ, ಪಕ್ಕೆಗೆ ಕಟ್ಟಿಗೆಯ ಹಲಗೆ. ಶನಿವಾರ ಬೆಳಗಾವಿಯಿಂದ ಬರಲಿದ್ದ ಗುರುತಿಲ್ಲದ ಕುಟುಂಬವೊಂದು ತಮ್ಮನ್ನು ಕರೆದೊಯ್ಯಲು ಏರ್‌ಪೋರ್ಟಿಗೆ ಬರುತ್ತೀರಾ ಎಂದು ಕೇಳಿತ್ತು. 'ಶಿಫ್ಟ್ ಇದೆ' ಎಂಬ ಸುಳ್ಳನ್ನು ಫೋನಿನಲ್ಲಿ ಅರ್ಧ ಬರೆದಿದ್ದೆ. ಗಾಡಿ ಕಂಡು ಬೆರಳು ನಿಂತಿತು.

ಅಂಥದ್ದೇ ಗಾಡಿ ನಮ್ಮ ಕಾಕಾನದು. ರಕ್ತಸಂಬಂಧವೇನಲ್ಲ, ನಮಗಿಂತ ಮೊದಲೇ ಧಾರವಾಡದಿಂದ ಬಂದು ಒಶಾವಾದ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ನಾವು ಬಂದಿಳಿದ ದಿನ ನಮ್ಮ ಏಳು ಸೂಟ್‌ಕೇಸುಗಳನ್ನು ಅದು ಸದ್ದಿಲ್ಲದೆ ನುಂಗಿತು. ಎಂಟು ವರ್ಷದ ನನಗೆ ಸಿಕ್ಕಿದ್ದು ಹಿಂದಕ್ಕೆ ಮುಖ ಮಾಡಿದ ಕಡೆಯ ಸೀಟು. ಹೀಗಾಗಿ ನೋಡಿ, ನಾನು ಕೆನಡಾ ಹೊಕ್ಕಿದ್ದು ಬೆನ್ನು ಮುಂದಾಗಿ! ಹಿಮ, ಲಾರಿ, ಅಷ್ಟಗಲದ ಹೆದ್ದಾರಿ ಎಲ್ಲ ನನ್ನ ಕಾಲ ಬುಡದಿಂದಲೇ ಹುಟ್ಟಿ ದೂರ ಓಡುತ್ತಿದ್ದವು. ಬಾಯಿ ಮುಚ್ಚುವುದನ್ನೇ ಮರೆತಿದ್ದೆ.

ಕಾಕಾನ ಹೆಂಡತಿ ಕಾಕು ಪ್ರತಿ ದಸರೆಗೆ ಆ ಹಲಗೆಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು. ಒಂದು ಸಲ ನಾನು ಅಂಚನ್ನು ಉಗುರಿನಿಂದ ಕೆದರಿದೆ. ಕಟ್ಟಿಗೆ ಸುಲಿದು ಬಂತು. ಬರೀ ಸ್ಟಿಕರು! ದೊಡ್ಡ ಸಂಶೋಧನೆ ಮಾಡಿದವಳಂತೆ ಕೂಗಿದೆ.

"ಕಾಕು, ಇದು ಕಟ್ಟಿಗಿ ಅಲ್ಲ, ಪ್ಲಾಸ್ಟಿಕ್ ಅದ!"

"ಗೊತ್ತದ," ಎಂದರು ಕಾಕು, ಕೈ ನಿಲ್ಲಿಸದೆ. "ಮೊದಲ ನಾನೂ ಖರೇ ಕಟ್ಟಿಗೀನ ಅಂತ ತಿಳ್ಕೊಂಡಿದ್ದೆ. ನಿಮ್ಮ ಕಾಕಾ ನಕ್ಕಿದ್ದೇ ನಕ್ಕಿದ್ದು. ಆದರ ನಮ್ಮ ಮಂದಿ ಈ ದೇಶದಾಗ ಮೊದಲ ಕಾಲಿಡೋದು ಇದರಾಗ ಅಲ್ಲೇನವಾ? ಹೊಸ್ತಿಲಕ್ಕ ಎಣ್ಣಿ ಹಚ್ಚಲಾರದ ಬಿಡ್ತಾರೇನು?"

ಎಣ್ಣೆ ಉಂಡು ಉಂಡು ಆ ಸ್ಟಿಕರು ಕೊನೆಗೆ ಕರಿದ ಹಪ್ಪಳದಂತೆ ಸುರುಟಿತು. ಗಾಡಿ ಗುಜರಿಗೆ ಹೋಯಿತು. ಆಮೇಲೆ ಕಾಕಾ ತೀರಿಕೊಂಡರು, ಹಿಂದೆಯೇ ಕಾಕು. ಏರ್‌ಪೋರ್ಟಿನಿಂದ ಎಷ್ಟು ಮನೆತನಗಳನ್ನು ಹೊತ್ತು ತಂದಿತ್ತೋ ಆ ಗಾಡಿ! ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪಾರ್ಕಿಂಗಿನ ಗಾಡಿಯ ಹಲಗೆಯನ್ನು ಕದ್ದು ಸವರಿದೆ. ಸ್ಟಿಕರೇ, ಒಣಗಿ ಬಿರಿದಿತ್ತು. ನನಗೆ ನಾಚಿಕೆಯಾಯಿತು. ಬರೆದ ಸುಳ್ಳನ್ನು ಅಳಿಸಿ, 'ಬರ್ತೀನಿ. ಎಷ್ಟು ಬ್ಯಾಗ್ ಅವ?' ಎಂದು ಕೇಳಿದೆ.

ಶುಕ್ರವಾರ ಸಂಜೆ ನನ್ನ ಪುಟ್ಟ ಕಾರಿನ ಬಾಗಿಲಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದೆ. ಮಗಳು ಹೊರಗೆ ಬಂದಳು.

"ಮಾಮ್, ವಾಟ್ ಆರ್ ಯೂ ಡೂಯಿಂಗ್?"

"ಆ ಕಡೆ ಬಾಗಲಾ ನೀ ಹಚ್ಚು," ಎಂದೆ. "ನಾಳೆ ಮಂದಿ ಬರೋರಿದ್ದಾರ."