ವೇದಿಕೆಗೆ ಬೇಕಾಗಿದ್ದ ಕೈ

1997ರಲ್ಲಿ ನಾನು ಮಡಕಶಿರಾದಲ್ಲಿ ಸರ್ಕಾರಿ ವೈದ್ಯಾಧಿಕಾರಿಯಾಗಿದ್ದೆ. ಹುಟ್ಟಿದ್ದು ರಾಯದುರ್ಗ, ಓದಿದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ. ಸಿಸ್ಟರುಗಳು ಕಲಿಸಿದ ಇಂಗ್ಲಿಷು ಈ ವಯಸ್ಸಿನಲ್ಲೂ ನಾಲಿಗೆಯ ತುದಿಯಲ್ಲೇ ಇದೆ. ಆಸ್ಪತ್ರೆಯಲ್ಲಿ ಮಾತ್ರ ಬೇಕಾಗಿದ್ದು ಕನ್ನಡ, ತೆಲುಗು ಮತ್ತು ಪೇಷನ್ಸ್. ಅದು ಸ್ವಾತಂತ್ರ್ಯದ ಗೋಲ್ಡನ್ ಜುಬಿಲಿ ವರ್ಷ. ಊರಿನ ಗೋಡೆಗಳಿಗೆಲ್ಲ ಮೂರು ಬಣ್ಣ ಬಳಿಯುತ್ತಿದ್ದರು. ನನ್ನ ಓಪಿ ರೂಮಿನ ಬಾಗಿಲಿಗೂ ಯಾರೋ ಬಳಿದು ಹೋದರು. ಅದು ಒಣಗುವ ತನಕ ಬಂದ ರೋಗಿಗಳ ಸೀರೆಗೆಲ್ಲ ಹಸಿರು ಮೆತ್ತಿಕೊಂಡಿತು.

ಜುಲೈ ತಿಂಗಳಲ್ಲಿ ಅಗಳಿ ಕಡೆಯ ಹಳ್ಳಿಯಿಂದ ತಿಪ್ಪಮ್ಮ ಎಂಬ ಮುದುಕಿ ಬಂದಳು. ಜೊತೆಗೆ ಐವತ್ತು ದಾಟಿದ ಮಗ ರಂಗಪ್ಪ. ಆಕೆಯ ಬಲಗೈಗೆ ಹಳೆಯ ಪಂಚೆ ಸುತ್ತಿತ್ತು. ಅವರು ಒಳಗೆ ಕಾಲಿಡುವ ಮೊದಲೇ ವಾಸನೆ ಬಂದಿತ್ತು. ಬಾಯಿ ತೆರೆದವನು ಮಗ.

"ಡಾಕ್ಟ್ರಮ್ಮ, ನಮ್ಮಪ್ಪ ಫ್ರೀಡಂ ಫೈಟರ್ರು. ಅವ್ವನ ಈ ಬೆರಳು ಬ್ರಿಟಿಷ್ ಪೊಲೀಸ್ರು ಕಡಿದಿದ್ದು. ಆಗಸ್ಟ್ ಹದಿನೈದಕ್ಕೆ ಸ್ಟೇಜ್ ಮೇಲೆ ತೋರಿಸ್ತಾರೆ. ಅಷ್ಟರೊಳಗೆ ಈ ವಾಸನೆ ಒಂದು ಹೋಗಂಗೆ ಮಾಡ್ಕೊಡಿ."

ಕೈ ಬಿಚ್ಚಿದೆ. ತೋರುಬೆರಳು, ನಡುಬೆರಳು, ಉಂಗುರದ ಬೆರಳು ಬುಡದಿಂದಲೇ ಇರಲಿಲ್ಲ. ಆ ಮೊಂಡು ಜಾಗದಲ್ಲಿ ಹೂಕೋಸಿನಂತೆ ಉಬ್ಬಿದ ಹುಣ್ಣು, ಅಂಚು ಕಲ್ಲಿನ ಹಾಗೆ ಗಟ್ಟಿ. ಹಳೆಯ ಗಾಯದ ಕಲೆ ವರ್ಷಾನುಗಟ್ಟಲೆ ಒಡೆಯುತ್ತ, ಮಾಯುತ್ತ, ಮತ್ತೆ ಒಡೆಯುತ್ತ ಇದ್ದರೆ ಒಮ್ಮೊಮ್ಮೆ ಅಲ್ಲಿನ ಚರ್ಮ ಕ್ಯಾನ್ಸರಿಗೆ ತಿರುಗುತ್ತದೆ. ಇದು ಅದೇ ಎಂದು ಕಂಡ ಕೂಡಲೇ ಅನ್ನಿಸಿತು. ಕಂಕುಳಲ್ಲಿ ಕೈಯಾಡಿಸಿದೆ. ಗಂಟು ಸಿಗಲಿಲ್ಲ. ಅಂದರೆ ಇನ್ನೂ ಹರಡಿರಲಿಲ್ಲ, ಸಮಯವಿತ್ತು.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಪೊಲೀಸರ ಲಾಠಿ ಏಟಿಗಾದರೆ ಮೂಳೆ ಪುಡಿಯಾಗುತ್ತದೆ. ಇಲ್ಲಿ ಮೂರೂ ಬೆರಳು ಗೆರೆ ಎಳೆದ ಹಾಗೆ ನೇರವಾಗಿ ಹೋಗಿದ್ದವು. ಗಟ್ಟಿ ಜಾಗದ ಮೇಲೆ ಕೈಯನ್ನು ಇಟ್ಟು ಕತ್ತರಿಸಿದರೆ ಮಾತ್ರ ಹಾಗಾಗುತ್ತದೆ. ರಂಗಪ್ಪನನ್ನು ಬ್ಯಾಂಡೇಜು ತರಲು ಕಳಿಸಿ, "ಅಮ್ಮ, ಯಾರು ಮಾಡಿದ್ದು?" ಎಂದು ಕೇಳಿದೆ.

ಆಕೆ ನನ್ನ ಊರು ಕೇಳಿದಳು. ರಾಯದುರ್ಗ ಅಂದೆ. ತಾನು ಗುಮ್ಮಘಟ್ಟದಿಂದ ಈ ಸೀಮೆಗೆ ಸೊಸೆಯಾಗಿ ಬಂದವಳು ಎಂದು ಮುಖ ಅರಳಿಸಿದಳು. "ನಮ್ಮ ಕಡಿಯಾಕಿನೇ ಆದ್ರಿ. ಮತ್ತ ನರ್ಸಮ್ಮನ ಕೂಡ ಯಾಕ ಇಂಗ್ಲಿಷ್ ಮಾತಾಡ್ತೀರಿ? ಬಿಳೇರು ಹೋಗಿ ಐವತ್ತು ವರ್ಷಾತಂತಲ್ರಿ" ಎಂದು ನಕ್ಕಳು. ನಗು ಮುಗಿದ ಮೇಲೆ ಹೇಳಿದಳು.

ಗಂಡ ಈಚಲು ಹೆಂಡದ ಗುತ್ತಿಗೆದಾರ. ಹಳ್ಳದ ದಂಡೆಯ ಮರಗಳನ್ನೆಲ್ಲ ಸರ್ಕಾರದಿಂದ ಹಿಡಿದಿದ್ದ. ನಲವತ್ತೆರಡರಲ್ಲಿ ಖಾದಿ ತೊಟ್ಟವರು ಊರಿಗೆ ಬಂದು, ಬಿಳಿಯರ ಖಜಾನೆಗೆ ಹೋಗುವ ದುಡ್ಡು ಈ ಮರಗಳಿಂದ ಇಳಿಯುತ್ತದೆ ಎಂದು ಹೇಳಿ ಹೋದರು. ಕೇಳಿದ ಗಂಡಸರು ತಲೆದೂಗಿ ಮನೆಗೆ ಹೋದರು. ಇಪ್ಪತ್ತು ತುಂಬದ ತಿಪ್ಪಮ್ಮ ಒಂದು ಮುಂಜಾನೆ ಗಂಡನ ಮರ ಕೆತ್ತುವ ಕತ್ತಿಯನ್ನೇ ತೆಗೆದುಕೊಂಡು ಹೋಗಿ, ಕೈಗೆ ಎಟುಕಿದ ಎಳೆಯ ಮರಗಳ ಸುಳಿಯನ್ನೆಲ್ಲ ಕಡಿದು ಹಾಕಿದಳು. ಪೊಲೀಸರು ಬಂದಾಗ ಹೆಂಗಸು ಹೀಗೆ ಮಾಡಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಕತ್ತಿ ಗಂಡನದು, ಮರ ಗಂಡನ ಗುತ್ತಿಗೆಯವು. ನಾನಲ್ಲ, ನಾನಲ್ಲ ಎಂದು ಅಳುತ್ತಿದ್ದವನನ್ನೇ ಎಳೆದುಕೊಂಡು ಹೋದರು. ನಾನು ಮಾಡಿದ್ದು ಅಂತ ಆಕೆ ಹೇಳಿದಳಂತೆ. ಜಮಾದಾರ ಕೆನ್ನೆಗೆ ಹೊಡೆದು ಒಳಗೆ ಹೋಗು ಅಂದನಂತೆ. ಬಳ್ಳಾರಿ ಜೈಲಿಗೆ ಹೆಂಡದ ಗುತ್ತಿಗೆದಾರನಾಗಿ ಹೋದವನು ಐದು ತಿಂಗಳಿಗೆ ಹೊರಗೆ ಬಂದಾಗ ದೇಶಭಕ್ತನಾಗಿದ್ದ. ಊರವರು ಮೆರವಣಿಗೆಯಲ್ಲಿ ಕರೆತಂದು ಹಾರ ಹಾಕಿದರು. ಹಾರದ ಜೊತೆಗೇ ಮನೆಗೆ ಬಂದ.

"ಕೈ ಒಳ್ಳಿನ ಮ್ಯಾಲೆ ಇಡು ಅಂದನ್ರಿ. ಇಟ್ಟೆ."

ಒರಳಿನ ಮೇಲೆ ಕೈ ಯಾಕಮ್ಮ ಇಟ್ಟಿರಿ ಎಂದೆ.

"ರಂಗ ಹೊಟ್ಟ್ಯಾಗಿದ್ದ. ಇಡ್ಲಿಲ್ಲಂದ್ರ ಹೊಟ್ಟಿಗೆ ಒದೀತಿದ್ದ. ಕೈ ಹೋದ್ರ ಹೋಗ್ಲಿ ಅಂದೆ. ರಂಗಗ ಇದು ಗೊತ್ತಿಲ್ರಿ."

ಅನಂತಪುರಕ್ಕೆ ಕಳಿಸಿದ್ದ ಬಯಾಪ್ಸಿ, ಅಂದರೆ ಹುಣ್ಣಿನ ತುಣುಕಿನ ಪರೀಕ್ಷೆ, ನಾನು ಅಂದುಕೊಂಡದ್ದನ್ನೇ ಹೇಳಿತು. ತಾಯಿ ಮಗ ಇಬ್ಬರನ್ನೂ ಕೂರಿಸಿ ತಿಳಿಸಿದೆ: ಈ ವಾರವೇ ಬಳ್ಳಾರಿಗೆ ಹೋಗಿ, ಮೊಣಕೈ ಕೆಳಗೆ ತೆಗೆಸಿದರೆ ಜೀವ ಉಳಿಯುವ ಚಾನ್ಸ್ ಚೆನ್ನಾಗಿದೆ, ತಡ ಮಾಡಿದರೆ ಇಲ್ಲ. ರಂಗಪ್ಪ ತಾಯಿಯ ಮುಖ ನೋಡಲಿಲ್ಲ. "ಕೈಯೇ ತೆಗೆಸಿದ್ರೆ ಸ್ಟೇಜ್ ಮೇಲೆ ಏನ್ ತೋರ್ಸಾದು?" ಅಂದ. ಹೋರಾಟಗಾರರ ಕುಟುಂಬಕ್ಕೆ ಆ ದಿನ ನಿವೇಶನ ಘೋಷಿಸುವುದಾಗಿ ಸಮಾರಂಭದ ಸಮಿತಿಯವರು ಮಾತು ಕೊಟ್ಟಿದ್ದರು.

ಮಾರನೆಯ ದಿನ ಸಮಾರಂಭ ಸಮಿತಿಯ ಅಧ್ಯಕ್ಷರೇ ನನ್ನ ಕ್ವಾರ್ಟರ್ಸಿಗೆ ಬಂದರು. ವೆರಿ ಪೊಲೈಟ್ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದರು. ನಾನು ರೋಗದ ವಿಷಯ ಪೂರ್ತಿ ವಿವರಿಸಿದೆ. ಅವರು ಪೂರ್ತಿ ಕೇಳಿ, "ಐವತ್ತು ವರ್ಷ ಕಾದಿರೋ ಕೈ ಮೇಡಂ, ಹದಿನೈದನೇ ತಾರೀಕಿನ ತನಕ ಕಾಯಲ್ವಾ?" ಅಂದರು. ಎದ್ದು ಹೋಗುವಾಗ, ವಾಸನೆಗೆ ಏನಾದರೂ ಮಾಡಿ ಎಂದು ನೆನಪಿಸಿದರು.

ಮಗನನ್ನೂ ಅಧ್ಯಕ್ಷರನ್ನೂ ನಾನು ಲೆಕ್ಕಕ್ಕೆ ಇಡುತ್ತಿರಲಿಲ್ಲ. ಆಪರೇಷನ್ನಿಗೆ ಒಪ್ಪಬೇಕಾದವಳು ತಿಪ್ಪಮ್ಮ. ಒಪ್ಪದೆ ಹೋದವಳೂ ಅವಳೇ.

"ಕೈ ತಗದ ಮ್ಯಾಲೆ ನನ್ನ ಮಾತು ಯಾರು ನಂಬ್ತಾರ್ರಿ? ಅವರ ಮೈಕಿನಾಗ, ಎಲ್ಲಾರ ಮುಂದ, ಯಾರು ಕಡಿದ್ರು ಅಂತ ಒಂದ್ಸಲ ಹೇಳ್ತೀನಿ. ಆಮ್ಯಾಲೆ ಭುಜದ ತನ ತಗೀರಿ."

ಬೇಡಿದೆ, ಗದರಿದೆ. ಐ ಈವನ್ ವೆಪ್ಟ್. ಆಕೆ ಎಡಗೈಯಿಂದ ನನ್ನ ಕಣ್ಣು ಒರೆಸಿ, ಬ್ಯಾಂಡೇಜು ಕಟ್ಟಿ ಎಂದಳು. ಅಂದಿನಿಂದ ದಿನಾ ಹುಣ್ಣು ತೊಳೆದು, ಮಾತ್ರೆ ಅರೆದ ಪುಡಿ ಉದುರಿಸಿ ಕಟ್ಟಿದೆ. ವಾಸನೆ ತಗ್ಗಿತು. ಹುಣ್ಣು ಬೆಳೆಯಿತು.

ಆಗಸ್ಟ್ ಹದಿನೈದರಂದು ಶಾಲೆಯ ಮೈದಾನ ತುಂಬಿತ್ತು. ವೇದಿಕೆಯ ಮೇಲೆ ಗಂಡನ ದೊಡ್ಡ ಫೋಟೋಗೆ ಗುಲಾಬಿ ಹಾರ. ಪಕ್ಕದ ಕುರ್ಚಿಯಲ್ಲಿ ತಿಪ್ಪಮ್ಮ. ನಾನು ಫಸ್ಟ್ ಏಡ್ ಪೆಟ್ಟಿಗೆಯೊಂದಿಗೆ ಮುಂದಿನ ಸಾಲಿನಲ್ಲಿದ್ದೆ. ಅಧ್ಯಕ್ಷರು ತಾವೇ ಬ್ಯಾಂಡೇಜು ಬಿಚ್ಚಿ, ಕರ್ಚೀಫಿಗೆ ಸೆಂಟು ಹಾಕಿಕೊಂಡು ಮೂಗು ಮುಚ್ಚಿ, ಆಕೆಯ ಮಣಿಕಟ್ಟು ಹಿಡಿದು ಕೈಯೆತ್ತಿದರು. ಜೈಕಾರಗಳಾದವು. ಮಕ್ಕಳು ಮುಖ ಮುಚ್ಚಿಕೊಂಡರು. ತಾಯಿ ಎರಡು ಮಾತಾಡುತ್ತಾರೆ ಎಂದು ಮೈಕು ಮುಂದೆ ಹಿಡಿದರು.

"ಇದು ಪೊಲೀಸ್ರು ಕಡಿದಿದ್ದಲ್ರಿ. ಮರ ಕಡಿದಾಕಿ ನಾನು. ಕೈ ಕಡಿದಾವ ಇವನು" ಎಂದು ಫೋಟೋದ ಕಡೆ ಮುಖ ತಿರುಗಿಸಿದಳು.

ಹಿಂದಿನಿಂದ ಯಾರೋ, "ಮುದುಕಿ ಸತ್ತ ಗಂಡನ್ನೂ ಬಿಡಲ್ವಲ್ಲೋ" ಎಂದರು. ನಗು ಹರಡಿತು. ಅಧ್ಯಕ್ಷರು ಮೈಕು ಕಿತ್ತುಕೊಂಡು, ಒಂದು ಕ್ಷಣವೂ ತಡವರಿಸದೆ ಹೇಳಿದರು: "ನೋಡಿದ್ರಲ್ಲ ಬಂಧುಗಳೇ, ಬ್ರಿಟಿಷರು ಈ ತಾಯಿಯ ಬೆರಳು ಮಾತ್ರ ಕಡಿಯಲಿಲ್ಲ, ಬುದ್ಧಿಯನ್ನೂ ಕೆಡಿಸಿ ಹೋದರು."

ಚಪ್ಪಾಳೆ ಬಿತ್ತು, ಮೊದಲಿಗಿಂತ ಜೋರಾಗಿ. ರಂಗಪ್ಪ ವೇದಿಕೆ ಹತ್ತಿ, ಅಧ್ಯಕ್ಷರಿಗೆ ಕೈ ಮುಗಿದು, ತಾಯಿಯ ತೋಳು ಅದುಮಿ ಕುರ್ಚಿಯಲ್ಲಿ ಕೂರಿಸಿದ. ಆಕೆಯ ಬಾಯಿ ಇನ್ನೂ ಆಡುತ್ತಿತ್ತು. ಹುಡುಗಿಯರು ಹಾಡಲು ಶುರು ಮಾಡಿದ್ದರು.

ನನ್ನ ಪಕ್ಕದಲ್ಲಿ ಆಕೆಯ ಊರಿನವನೇ ಒಬ್ಬ ಹಿರಿಯ ಕುಳಿತಿದ್ದ. ನನ್ನ ಕಡೆ ಬಾಗಿ ಮೆಲ್ಲಗೆ, "ಆಯಮ್ಮ ಹೇಳಿದ್ದು ನಿಜಾನೆ. ಆ ಬೆರಳು ಹಿತ್ತಿಲಲ್ಲಿ ಹೂತಿದ್ದು ನಾನೇ" ಎಂದ. ಮತ್ತೆ ಯಾಕೆ ಚಪ್ಪಾಳೆ ತಟ್ಟಿದಿರಿ ಎಂದೆ.

"ಎಲ್ಲಾ ತಟ್ಟಿದ್ರಲ್ಲ ಡಾಕ್ಟ್ರಮ್ಮ."

ತಿಪ್ಪಮ್ಮನನ್ನು ನಾನೇ ಜೀಪು ಮಾಡಿಕೊಂಡು ಬಳ್ಳಾರಿಗೆ ಕರೆದೊಯ್ದಾಗ ಕಂಕುಳಲ್ಲಿ ಅಡಿಕೆಯಷ್ಟು ಗಂಟು ಸಿಕ್ಕಿತು. ಕೈ ತೆಗೆದರು, ಗಂಟು ತೆಗೆದರು. ಆದರೆ ರೋಗ ಮುಂದೆ ಹೋಗಿಯಾಗಿತ್ತು. ವಾರ್ಡಿನಲ್ಲಿ ಒಂದು ಮಧ್ಯಾಹ್ನ, ನನ್ನೆದುರಿಗೇ, ತಾನು ಅವತ್ತು ಒರಳಿನ ಮೇಲೆ ಕೈಯಿಟ್ಟದ್ದು ಯಾಕೆಂದು ಮಗನಿಗೆ ಹೇಳಿದಳು. ರಂಗಪ್ಪ, "ಈಗ್ಯಾಕವ್ವ ಅದೆಲ್ಲಾ, ಸೈಟಿನ ಆರ್ಡರು ಇನ್ನೂ ಬಂದಿಲ್ಲ" ಎಂದ. ಸಂಕ್ರಾಂತಿಗೆ ಮುಂಚೆ ಆಕೆ ತೀರಿಹೋದಳು.

ಸರ್ವಿಸಿನಲ್ಲಿ ಉಳಿದ ವರ್ಷಗಳಲ್ಲಿ, ನಾಲ್ಕು ಜನರ ಮುಂದೆ ಒಂದು ಮಾತು ಹೇಳಬೇಕು, ಅದಾದ ಮೇಲೆ ಟ್ರೀಟ್‌ಮೆಂಟಿಗೆ ಬರುತ್ತೇನೆ ಎಂದ ಹೆಂಗಸರು ನನಗೆ ಮತ್ತೆ ಸಿಕ್ಕಿದರು. ಪಂಚಾಯಿತಿಗೆ, ಕೋರ್ಟಿಗೆ, ಅಣ್ಣಂದಿರಿಗೆ ಏಟಿನ ಗುರುತು ತೋರಿಸಲು ಕಾಯುವವರು. ಗಾಯ ನೋಡಿದರೆ ಜನ ನಂಬುತ್ತಾರೆ ಎಂಬುದು ಅವರ ಲೆಕ್ಕ. ಅವರಿಗೆಲ್ಲ ನಾನು ಒಂದೇ ಮಾತು ಹೇಳಿದೆ: ನೀನು ಹೇಳುವುದು ಆ ಜನಕ್ಕೆ ಈಗಾಗಲೇ ಗೊತ್ತಿದೆಯಮ್ಮ, ನೀನು ಮೊದಲು ಟೇಬಲ್ಲಿನ ಮೇಲೆ ಮಲಗು.